ಅಮೆರಿಕದ ಬಿಲ್ಲು, ಕಲಬುರಗಿಯ ರಾತ್ರಿಪಾಳಿ: ಮೆಡಿಕಲ್ ಬಿಲ್ಲಿಂಗ್ ಕೆಲಸದವರಿಗೆ ಸಿಟ್ಟು ಯಾಕೆ?

ನಮ್ಮ ಅಕ್ಕನ ಮಗಳು ಮೆಡಿಕಲ್ ಬಿಲ್ಲಿಂಗ್ ಕಂಪನಿಯೊಂದರಲ್ಲಿ ನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದಾಳೆ. ಕಲಬುರಗಿಯ ಮನೆಯಿಂದಲೇ. ಸಂಜೆ ಆರೂವರೆಗೆ ಹೆಡ್‌ಸೆಟ್ ಹಾಕಿಕೊಂಡು ಕೂತರೆ ಏಳುವುದು ಬೆಳಗಿನ ಜಾವ ಮೂರೂವರೆಗೆ. ಹೋದ ತಿಂಗಳು ಅವಳ ತಂಡಕ್ಕೆ ಒಂದು ಮೇಲ್ ಬಂತು. ನಿಮ್ಮ ಪ್ರೊಸೆಸ್ (ಒಬ್ಬ ಗಿರಾಕಿಗಾಗಿ ನಿಮ್ಮ ತಂಡ ಮಾಡುವ ಕೆಲಸ) ಇನ್ನೊಂದು ಕಂಪನಿಗೆ ಹೋಗುತ್ತಿದೆ, ಆರು ವಾರದಲ್ಲಿ ಅವರಿಗೆ ಕೆಲಸ ಕಲಿಸಿಕೊಡಿ, ಇಷ್ಟ ಇದ್ದವರು ಇಲ್ಲಿ ರಾಜೀನಾಮೆ ಕೊಟ್ಟು ಅಲ್ಲಿ ಸೇರಿಕೊಳ್ಳಬಹುದು ಅಂತ. ಅಕ್ಕ ನನಗೆ ಫೋನ್ ಮಾಡಿದಳು. "ಕೆಲಸ ಹೋಯ್ತೇನು, ಉಳೀತೇನು? ನನಗಂತೂ ಏನೂ ತಿಳಿವಲ್ದು ನೋಡು."

ನಾನು ಇದೇ ಕೆಲಸದಲ್ಲಿ ಏಳು ವರ್ಷ ಇದ್ದೆ, ಮೊದಲು ಹೈದರಾಬಾದಿನಲ್ಲಿ, ಆಮೇಲೆ ಮನೆಯಿಂದ. ಆದರೂ ಅಕ್ಕನಿಗೆ ಫೋನಿನಲ್ಲಿ ಸರಿಯಾಗಿ ಹೇಳೋಕೆ ಆಗಲಿಲ್ಲ. ನಮ್ಮ ಓಣಿಯಲ್ಲೇ ಮೂರು ಮನೆಯ ಮಕ್ಕಳು ಈ ಕೆಲಸದಲ್ಲಿದ್ದಾರೆ. ಬಿ.ಫಾರ್ಮ್, ಬಿ.ಎಸ್ಸಿ, ನರ್ಸಿಂಗ್ ಮುಗಿಸಿದ ಎಷ್ಟೋ ಹುಡುಗ ಹುಡುಗಿಯರು ಹೈದರಾಬಾದಿನ ಅಮೀರ್‌ಪೇಟೆಗೆ ಹೋಗಿ ಮೆಡಿಕಲ್ ಕೋಡಿಂಗ್ ಕಲಿತು ಬರುತ್ತಾರೆ. ಮನೆಯವರಿಗೆ ಮಾತ್ರ ಇದೇನು ಕೆಲಸ, ಯಾರಿಗಾಗಿ ಮಾಡುವುದು, ಸಂಬಳ ಕೊಡುವವರು ಯಾರು ಅನ್ನುವುದೇ ಗೊತ್ತಿರುವುದಿಲ್ಲ. ಅದಕ್ಕೇ ಬುಡದಿಂದ ಬರೆಯುತ್ತಿದ್ದೇನೆ.

ಈ ಕೆಲಸ ಅಂದರೆ ಏನು?

ಇಲ್ಲಿನ ಖಾಸಗಿ ಆಸ್ಪತ್ರೆಯಿಂದ ಯಾರನ್ನಾದರೂ ಡಿಸ್ಚಾರ್ಜ್ ಮಾಡಿಸಿಕೊಂಡು ಬಂದಿದ್ದರೆ ಅರ್ಧ ವಿಷಯ ನಿಮಗೆ ಆಗಲೇ ಗೊತ್ತು. ಡಾಕ್ಟರು ಬೆಳಿಗ್ಗೆ ಹತ್ತಕ್ಕೇ ಮನೆಗೆ ಹೋಗಿ ಅಂದಿರುತ್ತಾರೆ, ಆದರೆ ಇನ್ಶೂರೆನ್ಸ್ ಕೌಂಟರಿನಲ್ಲಿ "ಇನ್ನೂ ಅಪ್ರೂವಲ್ ಬಂದಿಲ್ಲ" ಅಂತ ಸಂಜೆವರೆಗೂ ಕೂರಿಸುತ್ತಾರೆ. ಆಸ್ಪತ್ರೆಯವರು ಕಾಗದ ಕಳಿಸಿರುತ್ತಾರೆ, ಇನ್ಶೂರೆನ್ಸಿನವರು ಏನೋ ಒಂದು ಕಡಿಮೆ ಇದೆ ಅಂತ ವಾಪಸ್ ಕಳಿಸಿರುತ್ತಾರೆ. ಆ ಕೌಂಟರಿನ ಹಿಂದೆ ನಡೆಯುವ ಕೆಲಸವೇ ಮೆಡಿಕಲ್ ಬಿಲ್ಲಿಂಗ್.

ಅಮೆರಿಕದಲ್ಲಿ ಇದು ಬಹಳ ದೊಡ್ಡ ಕೆಲಸ. ಅಲ್ಲಿ ಬಹುಪಾಲು ಜನರ ಆಸ್ಪತ್ರೆ ಖರ್ಚು ಇನ್ಶೂರೆನ್ಸ್ ಮೂಲಕವೇ ಹೋಗುತ್ತದೆ, ಸಣ್ಣ ಜ್ವರಕ್ಕೆ ತೋರಿಸಿದರೂ. 65 ದಾಟಿದವರಿಗೆ ಸರ್ಕಾರದ ಮೆಡಿಕೇರ್ ಇದೆ, ಅದು 1965ರ ಕಾನೂನಿನಿಂದ ಬಂದದ್ದು. ಬಡವರಿಗೆ ಮೆಡಿಕೈಡ್. ಉಳಿದವರಿಗೆ ಖಾಸಗಿ ಕಂಪನಿಗಳು. ಒಂದೊಂದಕ್ಕೂ ಒಂದೊಂದು ನಿಯಮ. ಡಾಕ್ಟರು ಒಬ್ಬ ರೋಗಿಯನ್ನು ನೋಡಿದ ಮೇಲೆ ಇಂಥ ರೋಗಕ್ಕೆ ಇಂಥ ಚಿಕಿತ್ಸೆ ಕೊಟ್ಟೆವು, ಇಷ್ಟು ದುಡ್ಡು ಕೊಡಿ ಅಂತ ಇನ್ಶೂರೆನ್ಸಿಗೆ ಕೇಳಬೇಕು. ಹಾಗೆ ಕೇಳುವ ಅರ್ಜಿಗೆ ಕ್ಲೇಮ್ ಅನ್ನುತ್ತಾರೆ.

ಅರ್ಜಿಯನ್ನು ಮಾತಿನಲ್ಲಿ ಬರೆದರೆ ಆಗುವುದಿಲ್ಲ, ಕೋಡಿನಲ್ಲಿ ಬರೆಯಬೇಕು. ರೋಗಕ್ಕೆ ಐಸಿಡಿ-10 ಕೋಡ್, ಅಮೆರಿಕದಲ್ಲಿ 2015ರ ಅಕ್ಟೋಬರ್ 1ರಿಂದ ಇದೇ ನಡೆಯುತ್ತಿದೆ, ಸುಮಾರು 70 ಸಾವಿರ ಕೋಡುಗಳಿವೆ. ಸಕ್ಕರೆ ಕಾಯಿಲೆ ಇದೆ, ಬೇರೆ ತೊಡಕು ಇಲ್ಲ ಅಂದರೆ ಇ11.9. ಬಿಪಿಗೆ ಐ10. ಡಾಕ್ಟರು ಮಾಡಿದ ಕೆಲಸಕ್ಕೆ ಬೇರೆ ಕೋಡ್. ಹಳೇ ರೋಗಿ ಕ್ಲಿನಿಕ್ಕಿಗೆ ಬಂದು ಸಾಧಾರಣ ತಪಾಸಣೆ ಮಾಡಿಸಿಕೊಂಡು ಹೋದರೆ 99213. ಡಾಕ್ಟರ ಟಿಪ್ಪಣಿ ಓದಿ ಸರಿಯಾದ ಕೋಡ್ ಹಾಕುವವರು ಕೋಡರ್‌ಗಳು. ರೋಗಿಯ ಹೆಸರು, ಹುಟ್ಟಿದ ದಿನ, ಪಾಲಿಸಿ ನಂಬರ್ ತುಂಬುವವರು ಬೇರೆ, ಬಂದ ದುಡ್ಡನ್ನು ಲೆಕ್ಕಕ್ಕೆ ಹಾಕುವವರು ಬೇರೆ.

ಹೊಸಬರು ಎಲ್ಲಿ ಎಡವುತ್ತಾರೆ ಗೊತ್ತಾ? ತಾರೀಖಿನಲ್ಲಿ. ಅಮೆರಿಕದವರು ತಿಂಗಳು ಮೊದಲು ಬರೆಯುತ್ತಾರೆ, ದಿನ ಆಮೇಲೆ. 04/07 ಅಂದರೆ ಅವರಿಗೆ ಏಪ್ರಿಲ್ 7, ನಮಗೆ ಜುಲೈ 4. ನಾನೂ ಮೊದಲ ವಾರದಲ್ಲಿ ಒಬ್ಬ ಅಜ್ಜಿಯ ಹುಟ್ಟಿದ ದಿನವನ್ನು ಹೀಗೇ ತಿರುಗಿಸಿ ಬರೆದಿದ್ದೆ. ಇಂಥ ಹೆಸರಿನವರು ನಮ್ಮಲ್ಲಿ ಇಲ್ಲವೇ ಇಲ್ಲ ಅಂತ ಕ್ಲೇಮ್ ವಾಪಸ್ ಬಂತು.

ಕ್ಲೇಮ್ ಸಾಮಾನ್ಯವಾಗಿ ನೇರವಾಗಿ ಇನ್ಶೂರೆನ್ಸಿಗೆ ಹೋಗುವುದಿಲ್ಲ, ನಡುವೆ ಕ್ಲಿಯರಿಂಗ್‌ಹೌಸ್ ಅಂತ ಒಂದು ಕೊಂಡಿ ಇದೆ. ಅಂಚೆ ಕಚೇರಿಯಲ್ಲಿ ಕಾಗದಗಳನ್ನು ಊರು ಊರಿಗೆ ವಿಂಗಡಿಸುತ್ತಾರಲ್ಲ, ಹಾಗೆ. ಆ ಕೊಂಡಿಗಳಲ್ಲಿ ಬಹಳ ದೊಡ್ಡದಾದ ಚೇಂಜ್ ಹೆಲ್ತ್‌ಕೇರ್ ಮೇಲೆ 2024ರ ಫೆಬ್ರವರಿಯಲ್ಲಿ ಸೈಬರ್ ದಾಳಿ ಆಯಿತು. ಅಮೆರಿಕದ ಎಷ್ಟೋ ಆಸ್ಪತ್ರೆ, ಕ್ಲಿನಿಕ್‌ಗಳಿಗೆ ವಾರಗಟ್ಟಲೆ ದುಡ್ಡು ಬರುವುದು ನಿಂತುಹೋಯಿತು.

ಉದ್ರಿ ವಸೂಲಿಯೇ ಕಷ್ಟದ ಭಾಗ

ಕ್ಲೇಮ್ ಕಳಿಸಿದ ತಕ್ಷಣ ದುಡ್ಡು ಬಂದುಬಿಟ್ಟರೆ ಈ ಕೆಲಸಕ್ಕೆ ಇಷ್ಟು ಜನ ಬೇಕಾಗಿರಲಿಲ್ಲ. ಕಿರಾಣಿ ಅಂಗಡಿಯ ಉದ್ರಿ ಬುಕ್ ನೆನಪಿಸಿಕೊಳ್ಳಿ. ಯಾರ ಬಾಕಿ ಎಷ್ಟು ದಿನದ್ದು ಅಂತ ಅಂಗಡಿಯವನು ನೋಡುತ್ತಲೇ ಇರುತ್ತಾನೆ. ಇಲ್ಲೂ ಹಾಗೇ. 30 ದಿನದೊಳಗಿನ ಬಾಕಿ, 60 ದಿನದ್ದು, 90 ದಿನದ್ದು, 120 ದಾಟಿದ್ದು ಅಂತ ಬೇರೆ ಬೇರೆ ಪಟ್ಟಿ. ಹಳೆಯದಾದಷ್ಟೂ ಕೈಗೆ ಬರುವುದು ಕಷ್ಟ. ಇನ್ಶೂರೆನ್ಸಿನವರಿಗೆ ಫೋನ್ ಮಾಡಿ ಈ ಬಾಕಿ ಯಾಕೆ ಬಂದಿಲ್ಲ ಅಂತ ಕೇಳುವವರಿಗೆ ಎಆರ್ ಕಾಲರ್ ಅಂತ ಹೆಸರು, ಎಆರ್ ಅಂದರೆ ಬರಬೇಕಾದ ಬಾಕಿ. ಅಕ್ಕನ ಮಗಳು ಮಾಡುವುದು ಇದೇ. "ರಾತ್ರಿ ಎಲ್ಲಾ ಯಾರ ಜೋಡಿ ಮಾತಾಡ್ಲತ್ತಾಳ್ರಿ ನಿಮ್ಮ ಹುಡುಗಿ?" ಅಂತ ಪಕ್ಕದ ಮನೆಯವರು ಕೇಳುತ್ತಾರಲ್ಲ, ಅದಕ್ಕೆ ಉತ್ತರ ಇದು.

ಆದರೆ ರಾತ್ರಿಯಲ್ಲಿ ಹೆಚ್ಚಿನ ಹೊತ್ತು ಮಾತೇ ಇರುವುದಿಲ್ಲ. ಫೋನ್ ಹೋಲ್ಡಿನಲ್ಲಿ ಇರುತ್ತದೆ, ಅದೇ ಒಂದು ಟ್ಯೂನ್ ಮತ್ತೆ ಮತ್ತೆ. ಮೊನ್ನೆ ನಾನು ಅವರ ಮನೆಗೆ ಹೋದಾಗ ಅವಳು ಹೆಡ್‌ಸೆಟ್ಟನ್ನು ಕುತ್ತಿಗೆಗೆ ಇಳಿಸಿಕೊಂಡು, ಒಂದು ಕಿವಿ ಅತ್ತ ಕೊಟ್ಟು, ರೊಟ್ಟಿ ಮುರಿದು ಪುಂಡಿಪಲ್ಯದ ಜೊತೆ ತಿನ್ನುತ್ತಿದ್ದಳು. 45 ನಿಮಿಷ ಆದ ಮೇಲೆ ಯಾರೋ ಎತ್ತಿಕೊಂಡರು. ಇದು ನಮ್ಮ ವಿಭಾಗ ಅಲ್ಲ, ಬೇರೆ ನಂಬರಿಗೆ ಮಾಡಿ ಅಂದರು. ಅವಳು ಬಾಯಲ್ಲಿದ್ದ ತುತ್ತು ನುಂಗಿ, ನಗುತ್ತಲೇ ಥ್ಯಾಂಕ್ ಯೂ ಹೇಳಿ, ಸ್ಕ್ರೀನಿನಲ್ಲಿ ಎರಡು ಸಾಲು ಬರೆದು, ಮುಂದಿನ ನಂಬರ್ ಒತ್ತಿದಳು.

ಕಾಯುತ್ತಾ ಕೂರೋಕೂ ಆಗುವುದಿಲ್ಲ. ಕ್ಲೇಮ್ ಕಳಿಸಲು ಗಡುವು ಇರುತ್ತದೆ. ಮೆಡಿಕೇರ್‌ಗೆ ಚಿಕಿತ್ಸೆ ಕೊಟ್ಟ ದಿನದಿಂದ ಒಂದು ವರ್ಷ, ಎಷ್ಟೋ ಖಾಸಗಿ ಕಂಪನಿಗಳಿಗೆ ಅದಕ್ಕಿಂತ ಕಡಿಮೆ. ಗಡುವು ಮೀರಿದರೆ ಡಾಕ್ಟರಿಗೆ ಆ ದುಡ್ಡು ಹೋದಂತೆಯೇ.

ಇಲ್ಲಿ ಒಂದು ಮಾತು ಗಮನಿಸಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಯಾವ ಇನ್ಶೂರೆನ್ಸ್ ಕಂಪನಿಗೆ ಯಾವ ಹೊತ್ತಿನಲ್ಲಿ ಫೋನ್ ಮಾಡಿದರೆ ಬೇಗ ಸಿಗುತ್ತಾರೆ, ಯಾರಿಗೆ ಯಾವ ಕಾಗದ ಜೊತೆಗೆ ಕಳಿಸಬೇಕು, ಯಾವ ಡಾಕ್ಟರು ಟಿಪ್ಪಣಿ ಹೇಗೆ ಬರೆಯುತ್ತಾರೆ, ಇದೆಲ್ಲ ಯಾವ ಪುಸ್ತಕದಲ್ಲೂ ಇಲ್ಲ. ರೋಗಿಗಳ ಮಾಹಿತಿ ಕಾಪಾಡಲು ಅಮೆರಿಕದಲ್ಲಿ 1996ರಿಂದ ಹಿಪಾ ಅನ್ನುವ ಕಾನೂನು ಇದೆ. ಆ ಭಯಕ್ಕೆ ಎಷ್ಟೋ ಕಂಪನಿಗಳು ಕೆಲಸದ ಜಾಗದಲ್ಲಿ ಮೊಬೈಲು ಬಿಡುವುದಿಲ್ಲ, ಪೆನ್ನು ಕಾಗದವನ್ನೂ ಬಿಡುವುದಿಲ್ಲ. ಹಾಗಾಗಿ ಗೊತ್ತಿರುವುದೆಲ್ಲ ಕೆಲಸ ಮಾಡುವವರ ತಲೆಯಲ್ಲೇ ಇರುತ್ತದೆ.

ಹೊರಗುತ್ತಿಗೆ ಇಲ್ಲಿ ಹೇಗೆ ನಡೆಯುತ್ತದೆ?

ನಮ್ಮ ಗಂಜ್ ಮಾರುಕಟ್ಟೆಯ ತೊಗರಿ ವ್ಯಾಪಾರಿಗಳಲ್ಲಿ ಎಲ್ಲರಿಗೂ ದಾಲ್ ಮಿಲ್ ಇಲ್ಲ. ತೊಗರಿ ಕೊಂಡು ಬೇರೆಯವರ ಮಿಲ್ಲಿಗೆ ಹಾಕಿ, ಇಷ್ಟು ಕೂಲಿ ಅಂತ ಕೊಟ್ಟು ಬೇಳೆ ಮಾಡಿಸಿಕೊಳ್ಳುತ್ತಾರೆ. ಮಾಲು ವ್ಯಾಪಾರಿಯದು, ಯಂತ್ರ ಮತ್ತು ಆಳು ಮಿಲ್ಲಿನವನದು. ಹೊರಗುತ್ತಿಗೆಯ ಮೂಲ ಇಷ್ಟೇ.

ಅಮೆರಿಕದ ಡಾಕ್ಟರು ತನ್ನ ಬಿಲ್ಲಿನ ಕೆಲಸವನ್ನು ಅಲ್ಲಿನ ಒಂದು ಬಿಲ್ಲಿಂಗ್ ಕಂಪನಿಗೆ ಕೊಡುತ್ತಾರೆ. ವಸೂಲಾದ ದುಡ್ಡಿನಲ್ಲಿ ನೂರಕ್ಕೆ ಇಷ್ಟು ಅಂತ ಆ ಕಂಪನಿ ತೆಗೆದುಕೊಳ್ಳುತ್ತದೆ. ಆ ಕಂಪನಿ ತನ್ನ ಖರ್ಚು ಇಳಿಸಲು ಚೆನ್ನೈ, ಹೈದರಾಬಾದ್, ಬೆಂಗಳೂರಿನ ಕಂಪನಿಗೆ ಕೆಲಸ ಕಳಿಸುತ್ತದೆ. ಅಲ್ಲಿ ಲೆಕ್ಕ ಬೇರೆ, ಕೂತು ಕೆಲಸ ಮಾಡುವ ಒಬ್ಬ ಮನುಷ್ಯನಿಗೆ ತಿಂಗಳಿಗೆ ಇಷ್ಟು ಅಂತಲೋ, ಒಂದು ಕ್ಲೇಮಿಗೆ ಇಷ್ಟು ಅಂತಲೋ. ಕೆಲವೊಮ್ಮೆ ಆ ಕಂಪನಿಯೂ ಇನ್ನೂ ಸಣ್ಣ ಕಂಪನಿಗೆ ದಾಟಿಸುತ್ತದೆ. ಕೈ ದಾಟಿದಷ್ಟೂ ಕೆಳಗೆ ಉಳಿಯುವುದು ಕಡಿಮೆ, ಮಾತು ಮೇಲೆ ಮುಟ್ಟುವುದೂ ನಿಧಾನ.

ಕೆಲಸ ಇಲ್ಲಿಗೆ ಬರಲು ಸಂಬಳದ ವ್ಯತ್ಯಾಸ ದೊಡ್ಡ ಕಾರಣ, ಆದರೆ ಅದೊಂದೇ ಅಲ್ಲ. ಅಲ್ಲಿ ಕ್ಲಿನಿಕ್ ಮುಚ್ಚಿದ ಮೇಲೆ ಇಲ್ಲಿ ಹಗಲು. ಸಂಜೆ ಬಂದ ಟಿಪ್ಪಣಿಗೆ ಇಲ್ಲಿ ಕೋಡ್ ಹಾಕಿಟ್ಟರೆ ಅವರು ಬೆಳಿಗ್ಗೆ ಬರುವಷ್ಟರಲ್ಲಿ ಕ್ಲೇಮ್ ಸಿದ್ಧ. ಫೋನ್ ಮಾಡುವವರಿಗೆ ಮಾತ್ರ ಆ ಅನುಕೂಲ ಇಲ್ಲ, ಅಲ್ಲಿನ ಕಚೇರಿ ತೆರೆದಿರುವಾಗಲೇ ಮಾಡಬೇಕು. ನ್ಯೂಯಾರ್ಕಿನಲ್ಲಿ ಬೆಳಿಗ್ಗೆ 9 ಅಂದರೆ ಚಳಿಗಾಲದಲ್ಲಿ ನಮಗೆ ಸಂಜೆ 7:30, ಬೇಸಿಗೆಯಲ್ಲಿ 6:30. ಅವರು ವರ್ಷಕ್ಕೆ ಎರಡು ಸಲ ಗಡಿಯಾರ ತಿರುಗಿಸುತ್ತಾರೆ, ಆಗ ಇಲ್ಲಿಯವರ ಊಟ ನಿದ್ದೆಯೂ ತಿರುಗುತ್ತದೆ.

2020ರ ನವೆಂಬರ್‌ನಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ ಕಾಲ್ ಸೆಂಟರ್‌ನಂಥ ಕೆಲಸಗಳ ನಿಯಮ ಸಡಿಲ ಮಾಡಿತು. ಮನೆಯಿಂದ ಕೆಲಸ ಮಾಡುವುದು ಸಲೀಸಾಯಿತು. ನಮ್ಮ ಭಾಗದ ಮಕ್ಕಳು ಎಷ್ಟೋ ಜನ ಊರಿಗೆ ವಾಪಸ್ ಬಂದದ್ದು ಆಗಲೇ. ಇನ್ವರ್ಟರ್ ಹಾಕಿಸಿಕೊಂಡರು, ಎರಡೆರಡು ಇಂಟರ್‌ನೆಟ್ ಕನೆಕ್ಷನ್ ಹಾಕಿಸಿಕೊಂಡರು, ಅಪ್ಪ ಅಮ್ಮನ ಜೊತೆ ಇದ್ದರು.

ಹಾಗಾದರೆ ಸಿಟ್ಟು ಎಲ್ಲಿಂದ?

ಹೊರಗಿನವರಿಗೆ ಇದು ರಾತ್ರಿ ಪಾಳಿಯ ಸಿಟ್ಟು, ಸಂಬಳದ ಸಿಟ್ಟು ಅನ್ನಿಸುತ್ತದೆ. ಅವು ಇವೆ. ಆದರೆ ನನ್ನ ಜೊತೆ ಕೆಲಸ ಮಾಡಿದವರು ಚಹಾ ಕುಡಿಯುವಾಗ ಜಾಸ್ತಿ ಬೇಸರದಿಂದ ಹೇಳುತ್ತಿದ್ದದ್ದು ಎಣಿಕೆಯ ಬಗ್ಗೆ.

ಪ್ರತಿಯೊಬ್ಬರಿಗೂ ದಿನದ ಟಾರ್ಗೆಟ್ ಇರುತ್ತದೆ. ಇವತ್ತು 40 ಕ್ಲೇಮ್ ನೋಡಬೇಕು ಅಂತ ಇಟ್ಟುಕೊಳ್ಳಿ. ಒಂದು ಕ್ಲೇಮ್ ವೆಬ್‌ಸೈಟಿನಲ್ಲಿ ನೋಡಿದರೆ ಎರಡು ನಿಮಿಷದಲ್ಲಿ ಮುಗಿಯುತ್ತದೆ, ಇನ್ನೊಂದಕ್ಕೆ ಒಂದು ಗಂಟೆ ಹೋಲ್ಡಿನಲ್ಲಿ ಕೂತು, ಹಳೇ ದಾಖಲೆ ತೆಗೆದು, ಮೇಲ್ಮನವಿ ಬರೆಯಬೇಕು. ಎಣಿಕೆಯಲ್ಲಿ ಎರಡೂ ಒಂದೇ. ಆಗ ಏನಾಗುತ್ತದೆ? ಸುಲಭದ್ದನ್ನು ಮೊದಲು ಮಾಡುತ್ತಾರೆ, ಕಷ್ಟದ್ದು ನಾಳೆಗೆ, ನಾಳೆಯಿಂದ ನಾಡಿದ್ದಿಗೆ. ಒಂದು ದಿನ ಅದರ ಗಡುವೇ ಮೀರುತ್ತದೆ. ಕಷ್ಟದ ಕ್ಲೇಮನ್ನು ಹಠ ಹಿಡಿದು ವಸೂಲು ಮಾಡುವವನ ಎಣಿಕೆ ಕಡಿಮೆ ಬರುತ್ತದೆ, ತಿಂಗಳ ಕೊನೆಗೆ ಇನ್ಸೆಂಟಿವ್ ಹೋಗುತ್ತದೆ. ಒಳ್ಳೆಯ ಕೆಲಸಗಾರನಿಗೇ ದಂಡ ಬಿದ್ದಂತೆ ಆಗುತ್ತದೆ, ಇದು ನನ್ನ ಕಣ್ಣೆದುರೇ ಎಷ್ಟೋ ಸಲ ಆಗಿದೆ. ಇದರ ಮೇಲೆ ಆಡಿಟ್ ಬೇರೆ, ಅಂದರೆ ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವುದು. ನೂರಕ್ಕೆ 95 ಸರಿ ಇರಬೇಕು ಅನ್ನುವುದು ಕೋಡಿಂಗ್‌ನಲ್ಲಿ ಸಾಮಾನ್ಯ ಅಳತೆ.

ಎರಡನೆಯದು, ಯಜಮಾನ ಯಾರು ಅನ್ನುವುದೇ ಗೊತ್ತಾಗದಿರುವುದು. ಟಾರ್ಗೆಟ್ ಜಾಸ್ತಿ ಆಯಿತು ಅಂತ ಟೀಮ್ ಲೀಡಿಗೆ ಹೇಳಿದರೆ "ಕ್ಲೈಂಟ್ ಹೇಳಿದ್ದಾರೆ" ಅನ್ನುತ್ತಾರೆ, ಅಂದರೆ ನಮ್ಮ ಕಂಪನಿಗೆ ಕೆಲಸ ಕೊಟ್ಟವರು. ಕ್ಲೈಂಟಿಗೆ ಹೇಳೋಣ ಅಂದರೆ ನಾವು ಅವರ ನೌಕರರೇ ಅಲ್ಲ. ನಮ್ಮಲ್ಲಿ ಸರ್ಕಾರಿ ಆಸ್ಪತ್ರೆಯ ಹೊರಗುತ್ತಿಗೆ ನೌಕರರನ್ನು ಕೇಳಿ ನೋಡಿ, ಇದನ್ನೇ ಹೇಳುತ್ತಾರೆ. ಕೆಲಸ ಹೇಳುವವರು ಆಸ್ಪತ್ರೆಯವರು, ಸಂಬಳ ಹಾಕುವುದು ಏಜೆನ್ಸಿ, ಸಂಬಳ ತಡವಾದರೆ ಇವರು ಅವರನ್ನು ತೋರಿಸುತ್ತಾರೆ, ಅವರು ಇವರನ್ನು. ಟೆಂಡರ್ ಬದಲಾದರೆ ಅದೇ ಮನುಷ್ಯ, ಅದೇ ಕುರ್ಚಿ, ಏಜೆನ್ಸಿ ಮಾತ್ರ ಹೊಸದು.

ಮೂರನೆಯದು ಎಲ್ಲಕ್ಕಿಂತ ನೋವಿನದು. ಕೆಲಸ ಬೇರೆ ಕಂಪನಿಗೆ ಹೋಗುವಾಗ ಹಳಬರೇ ಹೊಸಬರಿಗೆ ಕಲಿಸಬೇಕು. ಇದಕ್ಕೆ ಕೆ.ಟಿ. ಅನ್ನುತ್ತಾರೆ, ಗೊತ್ತಿರುವುದನ್ನು ದಾಟಿಸುವುದು. ಅಕ್ಕನ ಮಗಳು ಈಗ ದಿನಾ ಎರಡು ಗಂಟೆ ಸ್ಕ್ರೀನ್ ಹಂಚಿಕೊಂಡು ಆರು ಜನಕ್ಕೆ ಪಾಠ ಮಾಡುತ್ತಾಳೆ. ನಾಲ್ಕು ವರ್ಷ ಹೋಲ್ಡಿನಲ್ಲಿ ಕೂತು ಕಲಿತದ್ದನ್ನು ಆರು ವಾರದಲ್ಲಿ ಹೇಳಿ ಮುಗಿಸಬೇಕಂತೆ. ಪಾಠ ಮಾಡುವ ದಿನಗಳಲ್ಲೂ ಅವಳ ಟಾರ್ಗೆಟ್ ಇಳಿಸಿಲ್ಲ. ಅವಳು ಬಿಕ್ಕಿ ಅತ್ತದ್ದು ಕೆಲಸ ಹೋಗುತ್ತದೆ ಅಂತಲ್ಲ, ಇದಕ್ಕೆ.

ಮನೆಯಿಂದ ಕೆಲಸ ಮಾಡುವವರನ್ನು ಆಫೀಸಿಗೆ ವಾಪಸ್ ಕರೆಯುವುದೂ ಒಂದು ದೊಡ್ಡ ತಕರಾರು. ಕಲಬುರಗಿ, ಯಾದಗಿರಿಯ ಹುಡುಗರು ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಪಿಜಿ ಹಿಡಿದರೆ ಸಂಬಳದಲ್ಲಿ ಮನೆಗೆ ಕಳಿಸಲು ಉಳಿಯುವುದು ಎಷ್ಟು, ಲೆಕ್ಕ ಹಾಕಿ ನೋಡಿ.

ಅಮೆರಿಕದ ನೌಕರರು ಏನನ್ನುತ್ತಾರೆ?

ಅಲ್ಲಿನ ಬಿಲ್ಲಿಂಗ್ ಆಫೀಸುಗಳಲ್ಲಿ ಹತ್ತಿಪ್ಪತ್ತು ವರ್ಷ ಕೆಲಸ ಮಾಡಿದವರಿಗೂ ಇದೇ ಅನುಭವ. ಅವರ ಕೆಲಸ ನಮಗೆ ಬಂದಾಗ ಅವರೇ ನಮಗೆ ಪಾಠ ಮಾಡಿದ್ದರು. ನನಗೆ ಕಲಿಸಿದ ಹೆಂಗಸಿನ ದನಿ ಇವತ್ತಿಗೂ ನೆನಪಿದೆ, ಒಂದೊಂದು ಪ್ರಶ್ನೆಗೂ ಸಮಾಧಾನದಿಂದ ಉತ್ತರ ಕೊಡುತ್ತಿದ್ದರು. ಅದು ಅವರ ಕೊನೆಯ ತಿಂಗಳು ಅಂತ ನನಗೆ ಗೊತ್ತಾದದ್ದು ಆಮೇಲೆ. ಅಲ್ಲಿ 1988ರ ಒಂದು ಕಾನೂನಿನ ಪ್ರಕಾರ 100 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಂಪನಿ ದೊಡ್ಡ ಸಂಖ್ಯೆಯಲ್ಲಿ ಜನರನ್ನು ತೆಗೆಯುವಾಗ 60 ದಿನ ಮೊದಲು ತಿಳಿಸಬೇಕು. ಸಣ್ಣ ಆಫೀಸಿನವರಿಗೆ ಆ ರಕ್ಷಣೆಯೂ ಇಲ್ಲ. ಕೆಲವು ರಾಜ್ಯಗಳು ಮಾತ್ರ ತಮ್ಮ ಮೆಡಿಕೈಡ್ ರೋಗಿಗಳ ಮಾಹಿತಿ ದೇಶದಾಚೆ ಹೋಗಬಾರದು ಅಂತ ನಿಯಮ ಇಟ್ಟುಕೊಂಡಿವೆ.

ಕಂಪನಿ ನಡೆಸುವವರ ಮಾತನ್ನೂ ಹೇಳಬೇಕು. ಕ್ಲೈಂಟ್ ಪ್ರತಿ ಸಲ ಒಪ್ಪಂದ ಮುಂದುವರಿಸುವಾಗ ದರ ಇಳಿಸಿ ಅನ್ನುತ್ತಾನೆ, ಇಳಿಸದಿದ್ದರೆ ಬೇರೆಯವರಿಗೆ ಕೊಡುತ್ತಾನೆ. ಎಣಿಸದಿದ್ದರೆ ಯಾರು ಕೆಲಸ ಮಾಡಿದರು, ಯಾರು ಮಾಡಲಿಲ್ಲ ಅಂತ ಸಾವಿರ ಜನರ ನಡುವೆ ಹೇಳುವುದು ಹೇಗೆ ಅನ್ನುತ್ತಾರೆ. ಮನೆಯಲ್ಲಿ ರೋಗಿಯ ಮಾಹಿತಿ ಸೋರಿದರೆ ಹೊಣೆ ನಮ್ಮದು ಅನ್ನುತ್ತಾರೆ. ಇವು ನಿಜವಾದ ತೊಂದರೆಗಳೇ. ಆದರೆ ಕಷ್ಟದ ಕ್ಲೇಮಿಗೆ ಬೇರೆ ಅಂಕ ಕೊಡುವುದಕ್ಕಾಗಲಿ, ಪಾಠ ಮಾಡುವ ದಿನ ಟಾರ್ಗೆಟ್ ಇಳಿಸುವುದಕ್ಕಾಗಲಿ ಕ್ಲೈಂಟ್ ಅಡ್ಡ ಬರುವುದಿಲ್ಲ. ಆ ಕೆಲಸ ಮಾಡಿ ಗೊತ್ತಿರುವ ಮ್ಯಾನೇಜರ್ ಇದ್ದ ತಂಡಗಳಲ್ಲಿ ಇದು ನಡೆದದ್ದನ್ನು ನಾನು ನೋಡಿದ್ದೇನೆ.

ರಾಜೀನಾಮೆ ಕೊಟ್ಟು ಸೇರಿ ಅಂದರೆ ಏನು ನೋಡಬೇಕು?

ಅಕ್ಕ ಕೇಳಿದ್ದು ಇದನ್ನೇ, ಹಾಗಾಗಿ ಇಲ್ಲಿ ನಿಧಾನವಾಗಿ ಓದಿ.

ಮೊದಲು ಗ್ರಾಚ್ಯುಟಿ. ಕಾಯಂ ನೌಕರರು ಒಂದೇ ಕಡೆ ಐದು ವರ್ಷ ಕೆಲಸ ಮಾಡಿದರೆ ಬಿಡುವಾಗ ಸಿಗುವ ದುಡ್ಡು ಇದು. ವರ್ಷಕ್ಕೆ 15 ದಿನದ ವೇತನ, ತಿಂಗಳನ್ನು 26 ದಿನ ಅಂತ ಲೆಕ್ಕ. ಲೆಕ್ಕಕ್ಕೆ ಹಿಡಿಯುವ ಕೊನೆಯ ತಿಂಗಳ ವೇತನ 13,000 ಆಗಿದ್ದರೆ ಒಂದು ವರ್ಷಕ್ಕೆ 7,500, ಐದು ವರ್ಷಕ್ಕೆ 37,500 ರೂಪಾಯಿ. ಅಕ್ಕನ ಮಗಳಿಗೆ ಈಗ ನಾಲ್ಕು ವರ್ಷ. ಈಗ ರಾಜೀನಾಮೆ ಕೊಟ್ಟು ಹೊಸ ಕಂಪನಿಗೆ ಸೇರಿದರೆ ಅಲ್ಲಿ ಮತ್ತೆ ಸೊನ್ನೆಯಿಂದ ಎಣಿಕೆ ಶುರು. ಇಲ್ಲಿನ ನಾಲ್ಕು ವರ್ಷಕ್ಕೆ ಏನೂ ಸಿಗುವುದಿಲ್ಲ. ಇಷ್ಟು ವರ್ಷಕ್ಕೆ ಅಂತ ಅವಧಿ ಬರೆದ ಒಪ್ಪಂದದ ಮೇಲೆ ಇರುವವರಿಗೆ ಮಾತ್ರ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಒಂದು ವರ್ಷಕ್ಕೇ ಗ್ರಾಚ್ಯುಟಿ ಇದೆ. ಆ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಯಲ್ಲಿವೆ.

ಇಲ್ಲಿ ಎರಡು ಸನ್ನಿವೇಶ ಬೇರೆ ಬೇರೆ, ಗೊಂದಲ ಮಾಡಿಕೊಳ್ಳಬೇಡಿ. ಕಂಪನಿಯೇ ಮಾರಾಟವಾಗಿ ಯಜಮಾನ ಬದಲಾದರೆ, ಹಳೇ ಸೇವೆ ಮುರಿಯದೆ, ಮೊದಲಿಗಿಂತ ಕಡಿಮೆ ಇಲ್ಲದ ಷರತ್ತಿನ ಮೇಲೆ ಹೊಸಬರು ಮುಂದುವರಿಸಬೇಕು. ಇಲ್ಲದಿದ್ದರೆ ಪರಿಹಾರ ಕೊಡಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಇದಿತ್ತು, ಅದರ ಜಾಗಕ್ಕೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಇದೆ. ಆದರೆ ಕಂಪನಿ ಹಾಗೇ ಇದ್ದು, ಕ್ಲೈಂಟ್ ಮಾತ್ರ ಕೆಲಸವನ್ನು ಬೇರೆಯವರಿಗೆ ಕೊಟ್ಟರೆ? ಆಗ ನೀವು ಹಳೇ ಕಂಪನಿಯ ನೌಕರರೇ. ಅವರು ಬೇರೆ ಪ್ರೊಸೆಸ್ ಕೊಡಬೇಕು, ಇಲ್ಲವೇ ತೆಗೆಯುವುದಾದರೆ, ಒಂದು ವರ್ಷವಾದರೂ ಕೆಲಸ ಮಾಡಿದವರಿಗೆ, ಒಂದು ತಿಂಗಳ ನೋಟಿಸ್ ಮತ್ತು ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ ಕೊಡಬೇಕು. ನಾವಾಗಿ ರಾಜೀನಾಮೆ ಬರೆದುಕೊಟ್ಟರೆ ಆ ಪರಿಹಾರ ಕೇಳಲು ದಾರಿಯೇ ಇರುವುದಿಲ್ಲ. "ಇಷ್ಟ ಇದ್ದವರು ರಾಜೀನಾಮೆ ಕೊಡಬಹುದು" ಅನ್ನುವ ಒಂದು ಸಾಲಿನಲ್ಲಿ ಇಷ್ಟೆಲ್ಲ ಇದೆ. ಮ್ಯಾನೇಜರ್ ಹುದ್ದೆಯವರಿಗೂ, ತಿಂಗಳಿಗೆ 18,000ಕ್ಕಿಂತ ಹೆಚ್ಚು ವೇತನ ಪಡೆಯುವ ಮೇಲ್ವಿಚಾರಕರಿಗೂ ಈ ರಕ್ಷಣೆ ಅನ್ವಯಿಸುವುದಿಲ್ಲ, ಅದಕ್ಕೆ ಸುಮ್ನೆ ಹೆಸರಿಗೆ ಟೀಮ್ ಲೀಡ್ ಆದವರು ತಮ್ಮ ನೇಮಕಾತಿ ಪತ್ರವನ್ನು ಇನ್ನೊಮ್ಮೆ ಓದಬೇಕು.

ಪಿಎಫ್ ವಿಷಯ ಸುಲಭ. ಪಿಎಫ್ ಸದಸ್ಯರಿಗೆ ಕೊಡುವ ಯುಎಎನ್ ನಂಬರ್ ಒಂದೇ ಇರುತ್ತದೆ, ಕಂಪನಿ ಬದಲಾದರೂ. ಹಳೇ ಕಂಪನಿ ಬಿಟ್ಟ ದಿನಾಂಕ ಹಾಕಿದೆಯೇ ಅಂತ ನೋಡಿಕೊಳ್ಳಿ, ಹಾಕದಿದ್ದರೆ ಎರಡು ತಿಂಗಳಾದ ಮೇಲೆ ನೀವೇ ಹಾಕಬಹುದು. ನೌಕರರ ಆರೋಗ್ಯ ವಿಮೆಯಾದ ಇಎಸ್‌ಐ ನಂಬರ್ ಕೂಡ ಬದಲಾಗುವುದಿಲ್ಲ. ತಿಂಗಳ ವೇತನ 21,000ದೊಳಗೆ ಇದ್ದವರಿಗೆ ಇದು ಇರುತ್ತದೆ, ನಮ್ಮ ಊರಿನ ಇಎಸ್‌ಐ ಆಸ್ಪತ್ರೆಯಲ್ಲಿ ಅಪ್ಪ ಅಮ್ಮನಿಗೆ ತೋರಿಸುತ್ತಿದ್ದವರು ಹೊಸ ಸಂಬಳ ಆ ಮಿತಿ ದಾಟುತ್ತದೆಯೇ ಅಂತ ಮೊದಲೇ ಲೆಕ್ಕ ಹಾಕಿಕೊಳ್ಳಿ.

ಓವರ್‌ಟೈಮ್ ಬಗ್ಗೆಯೂ ಒಂದು ಮಾತು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮಿತಿ ಇದೆ. ಅದಕ್ಕಿಂತ ಜಾಸ್ತಿ ಮಾಡಿಸಿಕೊಂಡರೆ ಎರಡು ಪಟ್ಟು ವೇತನ ಕೊಡಬೇಕು. ಪಾಠ ಮಾಡಿದ ಎರಡು ಗಂಟೆಯೂ ಕೆಲಸವೇ ಅಲ್ವಾ?

ಮೊನ್ನೆ ರಾತ್ರಿ ನಾನೂ ಅಕ್ಕನ ಮಗಳೂ ಕೂತು ಎಚ್‌ಆರ್‌ಗೆ ಒಂದು ಮೇಲ್ ಬರೆದೆವು. ನನ್ನ ನಾಲ್ಕು ವರ್ಷದ ಸೇವೆ ಹೊಸ ಕಂಪನಿಯಲ್ಲಿ ಎಣಿಕೆಗೆ ಬರುತ್ತದೆಯೇ? ಹೋಗದಿದ್ದರೆ ನನಗೆ ಇಲ್ಲೇ ಬೇರೆ ಪ್ರೊಸೆಸ್ ಇದೆಯೇ? ಎರಡಕ್ಕೂ ಲಿಖಿತವಾಗಿ ತಿಳಿಸಿ ಅಂತ. ಕಳಿಸಿದ ಮೇಲೆ ಅವಳು ಹೆಡ್‌ಸೆಟ್ ಹಾಕಿಕೊಂಡಳು, ಕೆ.ಟಿ. ಕ್ಲಾಸಿಗೆ ಹೊತ್ತಾಗಿತ್ತು. ರಾಜೀನಾಮೆಯ ಫಾರ್ಮ್ ಅವಳ ಲ್ಯಾಪ್‌ಟಾಪಿನಲ್ಲಿ ಖಾಲಿಯೇ ಇದೆ.